ಸೊಟ್ಟ ಬಾಗಿಲಿನ ಬೆಂಚು

ನನ್ನ ಮಗಳ ಕಾಯಿಲೆಯನ್ನು ಮೊದಲು ಕಂಡುಹಿಡಿದದ್ದು ಆಚೆ ಮನೆಯ ಆಡು. ಇದನ್ನು ತಮಾಷೆಗೆ ಹೇಳುತ್ತಿಲ್ಲ. ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸುವ ನಾನು, ಜೀವಕೋಶದ ಪಾಠವನ್ನು ಕಣ್ಣು ಮುಚ್ಚಿ ಹೇಳಬಲ್ಲ ನಾನು, ಏಳು ವರ್ಷ ಮಡಿಲಲ್ಲಿ ಇಟ್ಟುಕೊಂಡೂ ಅದನ್ನು ಕಾಣಲಿಲ್ಲ. ಹಗ್ಗ ಬಿಚ್ಚಿಕೊಂಡು ಬಂದ ಆಡು ಕಂಡಿತು.

ನಮ್ಮ ಮನೆ ಇರುವುದು ಮೊಗ್ರಾಲಿನಲ್ಲಿ, ಹೈವೇಗೂ ಕಡಲಿಗೂ ನಡುವೆ. ಆಗ ಮನೆಯಲ್ಲಿ ನಾಲ್ಕು ಜನ: ನಾನು, ಗಂಡ, ಮಗಳು, ಅತ್ತೆ. ಅತ್ತೆ ನನಗೆ ಎರಡು ಬಗೆಯಲ್ಲಿ ಅತ್ತೆ. ಮೊದಲು ಅಪ್ಪನ ಅಕ್ಕ, ಆಮೇಲೆ ಗಂಡನ ತಾಯಿ. ಸೋದರತ್ತೆಯ ಮಗನಿಗೆ ಕೊಡುವುದೆಂದರೆ ನಮ್ಮವರಲ್ಲಿ ಹೆಚ್ಚು ವಿಚಾರಣೆ ಇಲ್ಲ, ಹುಡುಗಿ ಹೊಸ ಮನೆಗೆ ಹೆದರಬೇಕಾಗಿಯೂ ಇಲ್ಲ. ನಾನೂ ಹೆದರಲಿಲ್ಲ. ಗಂಡ ಸೀತಾಂಗೋಳಿಯಲ್ಲಿ ಬಾಗಿಲು, ಅದರ ಚೌಕಟ್ಟಾದ ದಾರಂದ ಮಾಡುವ ಒಂದು ಸಣ್ಣ ಕಾರ್ಖಾನೆಯಲ್ಲಿ ಮೇಸ್ತ್ರಿ. ಸಂಜೆ ಬಸ್ಸಿಳಿದು ಬರುವಾಗ ಅವರ ಕೂದಲಲ್ಲಿ ಹಲಸಿನ ಮರದ ಹಳದಿ ಹುಡಿ ಇರುತ್ತಿತ್ತು. ಇಸವಿ ಎರಡು ಸಾವಿರದ ನಂತರದ ಆ ವರ್ಷಗಳಲ್ಲಿ ಹೈವೇಯ ಎರಡೂ ಕಡೆ ಗಲ್ಫಿನವರ ಮನೆಗಳು ಏಳುತ್ತಿದ್ದವು. ಬಾಗಿಲು ಮಾಡುವವರಿಗೆ ಕೆಲಸಕ್ಕೆ ಬರವಿರಲಿಲ್ಲ.

ಆಚೆ ಮನೆ ಬ್ಯಾರಿಗಳದ್ದು, ನಮ್ಮ ಕರಾವಳಿಯ ಮುಸ್ಲಿಮರದ್ದು. ಆ ಮನೆಯ ಹಿರಿಯಾಕೆಯನ್ನು ಊರೆಲ್ಲ ಉಮ್ಮ ಎನ್ನುತ್ತಿತ್ತು, ನಾವೂ ಹಾಗೇ ಕರೆಯುತ್ತಿದ್ದೆವು. ಅವರಿಗೆ ಎರಡು ಆಡುಗಳಿದ್ದವು. ನಮ್ಮ ಮನೆಯ ಮಾತು ತುಳು, ಅವರದ್ದು ಬ್ಯಾರಿ, ಬೇಲಿಯ ಬಳಿ ಎರಡೂ ಕಲಸಿಹೋಗುತ್ತಿದ್ದವು. ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತೇನೆ.

ಮಗಳಿಗೆ ಆಗ ನಾಲ್ಕು ವರ್ಷ. ಒಂದು ಸಂಜೆ ಅವಳು ಜಗಲಿಯಲ್ಲಿ ಕೈ ಚಾಚಿ ಕೂತಿದ್ದಳು, ಆಡು ಅವಳ ಮೊಣಕೈಯಿಂದ ಬೆರಳ ತನಕ ಬಿಡದೆ ನೆಕ್ಕುತ್ತಿತ್ತು. ಅವಳಿಗೆ ಕಚಗುಳಿ, ನಗುವೋ ನಗು. ಹಗ್ಗ ಹಿಡಿಯಲು ಬಂದ ಉಮ್ಮ ಹುಬ್ಬೇರಿಸಿದರು.

“ಟೀಚರೇ, ಇವಳ ಕೈಯಲ್ಲಿ ಎಂತ ಉಂಟು? ನನ್ನ ಮೊಮ್ಮಕ್ಕಳನ್ನು ಈ ಆಡು ಮೂಸಿಯೂ ನೋಡುವುದಿಲ್ಲ.” ಹಾಗೆಂದವರು ಮಗಳನ್ನು ಎತ್ತಿ ಕೆನ್ನೆಗೊಂದು ಮುತ್ತು ಕೊಟ್ಟು, ತುಟಿ ಚಪ್ಪರಿಸಿದರು. “ಅಲ್ಲಾ! ಎಂತ ಉಪ್ಪು ಮಾರಾಯ್ತಿ ಇದು! ಒಣಮೀನಿನ ಹಾಗೆ ಉಂಟಲ್ಲ!”

“ಕಡಲ ಕರೆಯಲ್ಲಿ ಹುಟ್ಟಿದ ಮಕ್ಕಳು ಮತ್ತೆ ಸಿಹಿ ಇರ್ತಾರಾ ಉಮ್ಮ?” ಎಂದೆ ನಾನು. “ಇಲ್ಲಿನ ಗಾಳಿಯೇ ಉಪ್ಪು.”

ಎಲ್ಲರೂ ನಕ್ಕೆವು. ಮಾತಿಗೆ ಮಾತು ಕೊಟ್ಟ ಖುಷಿ ನನಗೆ. ಕಡಲಿನಿಂದ ದೂರ, ಗುಡ್ಡದ ಆಚೆ ಮೀಂಜದಲ್ಲೋ ಮತ್ತೆಲ್ಲೋ ಹುಟ್ಟಿದ್ದರೆ ಒಬ್ಬ ತಾಯಿ ಈ ಮಾತಿಗೆ ಬೆಚ್ಚುತ್ತಿದ್ದಳೋ ಏನೋ. ನಮ್ಮಲ್ಲಿ ಕಿಟಕಿಯ ಸರಳು ಉಪ್ಪಿಗೆ ತುಕ್ಕು ಹಿಡಿಯುತ್ತದೆ, ಬೇಸಿಗೆಯಲ್ಲಿ ಬಾವಿ ನೀರು ಸವಳಾಗುತ್ತದೆ, ಹಗ್ಗಕ್ಕೆ ಹಾಕಿದ ಬಟ್ಟೆ ಒರಟಾಗುತ್ತದೆ. ಅದರ ನಡುವೆ ಮಗುವಿನ ಕೆನ್ನೆಯ ಉಪ್ಪನ್ನು ಯಾರು ಬೇರೆ ಮಾಡಿ ನೋಡುತ್ತಾರೆ?

ಬೇರೆ ಯಾರು ನೋಡದಿದ್ದರೂ ನಾನು ನೋಡಬೇಕಿತ್ತು.

ಅವಳಿಗೆ ಉಪ್ಪಿನ ಹುಚ್ಚು. ಗಂಜಿಗೆ ಹಾಕಿದ್ದು ಸಾಲದು, ಮಾವಿನ ಮಿಡಿಗೆ ಹಚ್ಚಿದ್ದು ಸಾಲದು. ಅಡುಗೆಮನೆಯ ಕೆಳಗಿನ ಹಲಗೆಯಲ್ಲಿ ಕಲ್ಲುಪ್ಪಿನ ಭರಣಿ ಇತ್ತು. ಯಾರೂ ಇಲ್ಲದಾಗ ಅದರೊಳಗೆ ಕೈ ಹಾಕಿ ಹರಳುಗಳನ್ನು ಬಾಯಿಗೆ ಹಾಕಿಕೊಂಡು ಮಿಠಾಯಿಯಂತೆ ಚೀಪುತ್ತಿದ್ದಳು. “ಉಪ್ಪು ತಿಂದರೆ ರಕ್ತ ನೀರಾಗ್ತದೆ” ಎಂದು ಅತ್ತೆ ಬೈಯುತ್ತಿದ್ದರು. ಅದು ಮೂಢನಂಬಿಕೆ ಎಂದು ನಾನು ಅತ್ತೆಗೆ ಉಪದೇಶ ಮಾಡಿ, ಆಮೇಲೆ ಕಿಡ್ನಿ, ಬಿ.ಪಿ. ಎಂದೆಲ್ಲ ನನ್ನದೇ ಕಾರಣ ಕೊಟ್ಟು ಅದೇ ಮಗುವಿನ ಕೈಗೆ ಹೊಡೆಯುತ್ತಿದ್ದೆ. ನನ್ನ ಸಿಟ್ಟು ಶಾಲೆಗೇ ಹೆಸರುವಾಸಿ, ಮನೆಯಲ್ಲಿ ಕಡಿಮೆ ಇರುತ್ತದೆಯೇ? ಒಂದು ದಿನ ಮರದ ಸೌಟಿನಿಂದಲೇ ಹೊಡೆದೆ. ಬೆರಳುಗಳು ಕೆಂಪಾದವು. ಅವಳು ಅಳುತ್ತಿದ್ದರೂ ಮುಷ್ಟಿ ಬಿಚ್ಚಲಿಲ್ಲ, ಒಳಗೆ ಉಪ್ಪಿನ ಹರಳು ಇತ್ತು. ಅಂದೇ ಭರಣಿಯನ್ನು ಅವಳ ಕೈಗೆ ಎಟುಕದ ಮೇಲಿನ ಹಲಗೆಗೆ ಇಟ್ಟೆ.

ಅವಳು ತಿನ್ನುವುದು ನಮ್ಮೆಲ್ಲರಿಗಿಂತ ಹೆಚ್ಚು, ಮೈಗೆ ಹತ್ತುವುದು ಏನೂ ಇಲ್ಲ. ಹೊಟ್ಟೆ ಉಬ್ಬಿ, ಕೈಕಾಲು ಕಡ್ಡಿಯಾಗಿದ್ದವು. ಹುಳಕ್ಕೆಂದು ಮದ್ದು ಕೊಟ್ಟೆವು. ಮುಗಿಯದ ಕೆಮ್ಮಿಗೆ ಒಬ್ಬ ಡಾಕ್ಟರು ಅಸ್ತಮಾ ಎಂದರು, ಇನ್ನೊಬ್ಬರು ಕ್ಷಯದ ಪರೀಕ್ಷೆ ಮಾಡಿಸಿ ಇಲ್ಲವೆಂದರು. ಅತ್ತೆ ಉಪ್ಪು, ಮೆಣಸು ಹಿಡಿದು ಅವಳ ಸುತ್ತ ಮೂರು ಸುತ್ತು ಸುಳಿದು ದೃಷ್ಟಿ ತೆಗೆದು ಒಲೆಗೆ ಹಾಕುವರು. ಉಪ್ಪು ಚಟಪಟ ಸಿಡಿದರೆ, “ಕಂಡಿಯಾ, ಎಷ್ಟು ದೃಷ್ಟಿ ಇತ್ತು” ಎನ್ನುವರು. ಒಳಗೆ ಹೋಗಬೇಕಾದ ಉಪ್ಪು ಒಲೆಗೆ ಹೋಗುತ್ತಿತ್ತು.

ಅದೇ ವರ್ಷಗಳಲ್ಲಿ ನಾನು ಶಾಲೆಯಲ್ಲಿ ಭಾರೀ ಒಳ್ಳೆಯ ಟೀಚರ್. ನನ್ನದು ಕನ್ನಡ ಮಾಧ್ಯಮದ ವಿಭಾಗ. ಕೂತಿರುವ ಮಕ್ಕಳಲ್ಲಿ ಮನೆಯಲ್ಲಿ ಕನ್ನಡ ಮಾತಾಡುವವರು ಬೆರಳೆಣಿಕೆ, ಉಳಿದವರದ್ದು ತುಳು, ಬ್ಯಾರಿ, ಕೊಂಕಣಿ. ಒಮ್ಮೆ ಒಬ್ಬಳು ಕೇಳಿದಳು: “ಟೀಚರ್, ಕೋಶದ ಪೊರೆ ಅಂದ್ರೆ ಹಾವಿನ ಪೊರೆಯ ಹಾಗೆಯಾ?” ನಾನು ಬೋರ್ಡಿನಲ್ಲಿ ದೊಡ್ಡದಾಗಿ ‘ಪೊರೆ’ ಎಂದು ಬರೆದು, ಹಳೆಯ ಕನ್ನಡದಲ್ಲಿ ಪೊರೆ ಎಂದರೆ ಕಾಪಾಡು, ಸಾಕು ಎಂಬ ಅರ್ಥವೂ ಉಂಟು ಎಂದೆ. ಸುತ್ತಿಕೊಳ್ಳುವುದೂ ಪೊರೆ, ಸಲಹುವುದೂ ಪೊರೆ. ನಮ್ಮ ಭಾಷೆಗೆ ವಿಜ್ಞಾನ ಗೊತ್ತಿತ್ತು ನೋಡಿ ಎಂದು ಜಂಬ ಕೊಚ್ಚಿಕೊಂಡೆ. ಈಗ ಆ ಶಬ್ದ ಬರೆಯುವಾಗ ಸೀಮೆಸುಣ್ಣ ಒಂದು ಕ್ಷಣ ನಿಲ್ಲುತ್ತದೆ.

ಪಾಠಪುಸ್ತಕದಲ್ಲಿ ಇಲ್ಲದ ಸಂಗತಿಯನ್ನೂ, ಡಿಗ್ರಿಯಲ್ಲಿ ಓದಿದ್ದನ್ನು ನೆನಪು ಮಾಡಿಕೊಂಡು ಹೇಳುತ್ತಿದ್ದೆ. ಕೋಶದೊಳಗೆ ಪ್ರೋಟೀನು ತಯಾರಾಗುವುದು ರೈಬೋಸೋಮಿನಲ್ಲಿ, ಒಂದೊಂದೇ ಮಣಿ ಪೋಣಿಸಿದಂತೆ. ಯಾವುದು ಎಲ್ಲಿಗೆ ಹೋಗಬೇಕೆಂಬ ವಿಳಾಸ ಆ ಸರದಲ್ಲೇ ಇರುತ್ತದೆ. ಮೈಟೋಕಾಂಡ್ರಿಯಕ್ಕೆ ಹೋಗುವುದಕ್ಕೆ ಒಂದು ಗುರುತು, ನ್ಯೂಕ್ಲಿಯಸ್ಸಿಗೆ ಹೋಗುವುದಕ್ಕೆ ಇನ್ನೊಂದು. ನಮ್ಮ ಕಡೆ ಮನೆ ಹೆಸರು ಬರೆದರೆ ಸಾಕು, ಕಾಗದ ಬಂದು ಸೇರುವುದಿಲ್ಲವೇ, ಹಾಗೆ. ಪೊರೆಯಲ್ಲಿ ಕೂರಬೇಕಾದ ಪ್ರೋಟೀನಿನದ್ದು ಇನ್ನೂ ನಾಜೂಕಿನ ಕೆಲಸ. ಅದಕ್ಕೆ ನೀರು ಆಗದು. ಅರ್ಧ ತಯಾರಾಗುವಾಗಲೇ, ಮೊದಲ ತುಂಡು ಹೊರಗೆ ತಲೆ ಹಾಕಿದ ಕೂಡಲೇ, ಒಂದು ಕಣ ಬಂದು ಅದನ್ನು ಹಿಡಿದು, ರೈಬೋಸೋಮಿನ ಸಮೇತ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ ಪೊರೆಗಳ ಜಾಲಕ್ಕೆ ತಂದು ನಿಲ್ಲಿಸುತ್ತದೆ. ಉಳಿದ ತಯಾರಿ ಅಲ್ಲಿಯೇ, ಪೊರೆಗೇ ಹೊಲಿದ ಹಾಗೆ. ಸರಿಯಾಗಿ ಮಡಚಿಕೊಂಡದ್ದು ಸಣ್ಣ ಗುಳ್ಳೆಯೊಂದರಲ್ಲಿ ಗಾಲ್ಜಿ ಎಂಬ ವಿಂಗಡಣೆಯ ಜಾಗಕ್ಕೆ ಹೋಗುತ್ತದೆ, ಅಲ್ಲಿಂದ ಕೋಶದ ಹೊರಪೊರೆಗೆ. ಎಂತಹ ವ್ಯವಸ್ಥೆ, ಒಂದೂ ದಾರಿ ತಪ್ಪುವುದಿಲ್ಲ ಎಂದು ಹೇಳಿ ಪಾಠ ಮುಗಿಸುತ್ತಿದ್ದೆ.

ಅವಳಿಗೆ ಏಳಾದ ಬೇಸಿಗೆಯಲ್ಲಿ, ಶಾಲೆಗೆ ರಜೆ ಸಿಕ್ಕಿದ ಎರಡನೆಯ ವಾರ, ಮಧ್ಯಾಹ್ನ ಅಂಗಳದಲ್ಲಿ ಆಡುತ್ತಿದ್ದವಳು ವಾಂತಿ ಮಾಡಿ ಕುಸಿದಳು. ಎತ್ತಿದರೆ ಒದ್ದೆ ಬಟ್ಟೆಯಂತೆ ಜೋತುಬಿದ್ದಳು. ಫ್ರಾಕಿನ ಕುತ್ತಿಗೆಯಲ್ಲಿ ಬೆವರು ಒಣಗಿ ಬಿಳಿ ಗೆರೆ ಎದ್ದಿತ್ತು. ಮಂಗಳೂರಿನ ಆಸ್ಪತ್ರೆ ಮುಟ್ಟುವ ತನಕ ಜೀಪಿನಲ್ಲಿ ಅವಳ ಕಣ್ಣು ತೆರೆದೇ ಇತ್ತು, ನೋಟ ಇರಲಿಲ್ಲ. ರಕ್ತದಲ್ಲಿ ಉಪ್ಪಿನ ಅಂಶ ಇಳಿದುಹೋಗಿದೆ ಎಂದರು. ಬಾಟಲಿಯಲ್ಲಿ ಉಪ್ಪುನೀರು ಹನಿಯಾಗಿ ಅವಳೊಳಗೆ ಇಳಿಯುವುದನ್ನು ನೋಡುತ್ತ ಕೂತೆ. ಮೇಲಿನ ಹಲಗೆಯ ಭರಣಿ ನೆನಪಾಯಿತು. ಆ ಕ್ಷಣವೇ ನನಗೆ ಅರ್ಧ ಗೊತ್ತಾಗಿತ್ತು, ಗೊತ್ತಾಗಬಾರದೆಂದು ಬಾಯಿ ಮುಚ್ಚಿ ಕೂತಿದ್ದೆ.

ಮರುದಿನ ಬಂದ ಲೇಡಿ ಡಾಕ್ಟರಿಗೆ ನನಗಿಂತ ಕಡಿಮೆ ವಯಸ್ಸು. ಎಲ್ಲ ಕಾಗದ ನೋಡಿ, ಮೆಲ್ಲಗೆ ಕೇಳಿದರು: “ಮುತ್ತು ಕೊಡುವಾಗ ಮಗು ಉಪ್ಪುಪ್ಪು ಅಂತ ಯಾವಾಗಲಾದರೂ ಅನಿಸಿತ್ತಾ?”

“ಆಡು ನೆಕ್ತದೆ” ಎಂದುಬಿಟ್ಟೆ. ಅವರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. ಆಮೇಲೆ ಗಂಡನ ಕಡೆ ತಿರುಗಿ, “ನೀವಿಬ್ಬರು ಸಂಬಂಧದಲ್ಲೇ ಮದುವೆ ಆದದ್ದಾ?” ಎಂದರು. ಗೋಡೆಗೆ ಒರಗಿ ನಿಂತಿದ್ದ ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಹೋದರು.

ಬೆವರಿನ ಪರೀಕ್ಷೆಗೆ ದೂರದ ದೊಡ್ಡ ಆಸ್ಪತ್ರೆಗೆ ಹೋದೆವು. ರಕ್ತದ ಪರೀಕ್ಷೆಯೂ ಆಯಿತು. ಕಾಯಿಲೆಯ ಹೆಸರು ಸಿಸ್ಟಿಕ್ ಫೈಬ್ರೋಸಿಸ್. ಬಿಳಿ ಜನರ ಮಕ್ಕಳ ಕಾಯಿಲೆ ಎಂದು ನಾನು ಓದಿ ಪರೀಕ್ಷೆಯಲ್ಲಿ ಬರೆದು ಮರೆತದ್ದು. ಇಬ್ಬರು ಸೋದರ ಸಂಬಂಧಿಗಳು, ಜೀನಿನ ಒಂದೇ ತಪ್ಪನ್ನು ಇಬ್ಬರೂ ಗೊತ್ತಿಲ್ಲದೆ ಹೊತ್ತು ತಂದು, ಒಂದೇ ಮಗುವಿನಲ್ಲಿ ಸೇರಿಸಿದ್ದೆವು.

ಮನೆಗೆ ಬಂದ ಮೇಲೆ ಜಗಲಿಯಲ್ಲಿ ಕೂತು ಗಂಡನಿಗೆ ವಿವರಿಸಿದೆ. ನಮ್ಮ ಕೋಶಗಳ ಹೊರಪೊರೆಯಲ್ಲಿ ಉಪ್ಪಿನ ಅಂಶ ದಾಟಲು ಒಂದು ಬಾಗಿಲು ಉಂಟು. ಬೆವರಿನ ನಾಳದಲ್ಲಿ ಆ ಬಾಗಿಲು ಉಪ್ಪನ್ನು ಮತ್ತೆ ಒಳಗೆ ಎಳೆದುಕೊಳ್ಳುತ್ತದೆ. ಶ್ವಾಸಕೋಶದಲ್ಲಿ ಅದು ಕಫವನ್ನು ತೆಳುವಾಗಿ ಇಡುತ್ತದೆ. ಮಗಳ ಕೋಶಗಳಲ್ಲಿ ಆ ಜಾಗದಲ್ಲಿ ಬಾಗಿಲೇ ಇಲ್ಲ.

“ಮಾಡುವುದೇ ಇಲ್ಲವಾ?” ಎಂದರು ಅವರು.

“ಮಾಡ್ತದೆ. ವಿಳಾಸವೂ ಸರಿ ಉಂಟು. ಸಾವಿರದ ನಾನೂರ ಎಂಬತ್ತು ಮಣಿಗಳಲ್ಲಿ ಒಂದು ಮಣಿ ಇಲ್ಲ, ಅಷ್ಟೇ. ಅದಕ್ಕೆ ಸ್ವಲ್ಪ ಸೊಟ್ಟ ಆಗ್ತದೆ. ಸೊಟ್ಟ ಆದದ್ದನ್ನು ಒಳಗಿನ ಪರಿಶೀಲನೆಯಲ್ಲೇ ಹಿಡಿದು ನಿಲ್ಲಿಸ್ತದೆ. ಹೊರಗೆ ಕಳುಹಿಸುವುದಿಲ್ಲ, ಒಡೆದು ಚೂರು ಮಾಡ್ತದೆ.”

ಅವರು ಅಂಗೈಯ ದಡ್ಡು ಕೆರೆದುಕೊಂಡರು. “ಅಲ್ಲ, ಆ ಸೊಟ್ಟ ಬಾಗಿಲನ್ನು ಹಾಗೇ ತಂದು ಕೂರಿಸಿದರೆ ತೆರೆಯುವುದೇ ಇಲ್ಲವಾ?”

“ತೆರೀತದೆ. ಪೂರ್ತಿ ಅಲ್ಲ, ಆದರೆ ತೆರೀತದೆ ಅಂತ ಕಂಡುಹಿಡಿದಿದ್ದಾರೆ.”

“ಮತ್ತೆ ಎಂತಕ್ಕೆ ನಿಲ್ಲಿಸುವುದು?” ಅವರ ಧ್ವನಿ ಏರಿತು. ಮೇಜು ಬಡಿಯದ ಮನುಷ್ಯ, ಕಂಬಕ್ಕೆ ಗುದ್ದಿದರು. “ನಾನು ಎಷ್ಟು ಸೊಟ್ಟ ಬಾಗಿಲು ಕಳುಹಿಸಿದ್ದೇನೆ ಗೊತ್ತುಂಟಾ? ಮರ ಅಲ್ವಾ, ಬಾಗ್ತದೆ. ಮನೆಗೆ ಹೋಗಿ ಸ್ವಲ್ಪ ಕೀಸುಳಿ ಹಿಡಿದು ಹೆರೆದು, ಬಿಜಾಗರಿಗೆ ಎರಡು ಪೆಟ್ಟು ಕೊಟ್ಟರೆ ಕೂರ್ತದೆ. ಬಾಗಿಲೇ ಇಲ್ಲದ್ದಕ್ಕಿಂತ ಸೊಟ್ಟ ಬಾಗಿಲು ಆಗುವುದಿಲ್ವಾ?”

ಒಂದೂ ದಾರಿ ತಪ್ಪದ ವ್ಯವಸ್ಥೆ ಎಂದು ಹೊಗಳಿದವಳು ನಾನೇ. ಅದು ದಾರಿ ತಪ್ಪಿರಲಿಲ್ಲ, ತನ್ನ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುತ್ತಿತ್ತು. ಆ ಅಚ್ಚುಕಟ್ಟು ನನ್ನ ಮಗಳನ್ನು ಕೊಲ್ಲುತ್ತಿತ್ತು.

ಆ ದಿನವೇ ಸಂಜೆ ಅಡುಗೆಮನೆಗೆ ಹೋದರೆ ಅತ್ತೆ ಸ್ಟೂಲು ಹತ್ತಿ ನಿಂತಿದ್ದರು. ವಯಸ್ಸು ಎಪ್ಪತ್ತು ದಾಟಿತ್ತು. ಉಪ್ಪಿನ ಭರಣಿಯನ್ನು ಇಳಿಸಿ ನೆಲದ ಮೇಲೆ, ಮಗಳ ಕೈಗೆ ಸಿಗುವಲ್ಲಿ ಇಟ್ಟರು. “ನಾನೇ ಅಲ್ಲವಾ ಕಟ್ಟಿದ್ದು ನಿಮ್ಮಿಬ್ಬರನ್ನು” ಎಂದರು. ಇಲ್ಲ ಅತ್ತೆ ಎಂದು ನಾನು ಹೇಳಬೇಕಿತ್ತು. ಹೇಳಲಿಲ್ಲ. ಅವರು ಸಾಯುವ ತನಕವೂ ಹೇಳಲಿಲ್ಲ. ಆಗ ನನ್ನ ಸಿಟ್ಟಿಗೆ ಯಾರಾದರೂ ಒಬ್ಬರು ಬೇಕಾಗಿತ್ತು.

ಆಮೇಲೆ ದಿನವೂ ಊಟಕ್ಕೆ ಮುಂಚೆ ಜೀರ್ಣದ ಕ್ಯಾಪ್ಸೂಲು, ನೀರಿಗೆ ಉಪ್ಪು, ಹಬೆಯ ಮದ್ದು. ಎಲ್ಲಕ್ಕಿಂತ ದೊಡ್ಡ ಕೆಲಸ ಬೆನ್ನು ತಟ್ಟುವುದು. ತಲೆ ತಗ್ಗಾಗಿ ಇರುವಂತೆ ಇಳಿಜಾರಿನಲ್ಲಿ ಬೋರಲು ಮಲಗಿಸಿ, ಅಂಗೈಯನ್ನು ಬೊಗಸೆ ಮಾಡಿ ಬೆನ್ನಿಗೆ, ಪಕ್ಕೆಗೆ ತಟ್ಟಬೇಕು, ಅಂಟಿದ ಕಫ ಸಡಿಲವಾಗುವ ತನಕ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಗಂಡ ಕಾರ್ಖಾನೆಯ ಮೂಲೆಯಲ್ಲಿ ಬಿದ್ದಿದ್ದ, ಸೊಟ್ಟ ಎಂದು ಯಾರೂ ಒಪ್ಪದ ಒಂದು ಹಲಸಿನ ಬಾಗಿಲನ್ನು ಆಟೋದಲ್ಲಿ ತಂದು, ಒಂದು ಕಡೆಗೆ ಗಿಡ್ಡ ಕಾಲು, ಇನ್ನೊಂದು ಕಡೆಗೆ ಎತ್ತರದ ಕಾಲು ಇಟ್ಟು ಬೆಂಚು ಮಾಡಿದರು. ಚಿಲಕದ ತೂತು ಹಾಗೇ ಉಳಿದಿತ್ತು. ಮಗಳು ಅದರೊಳಗೆ ಒಂದು ಕಣ್ಣಿಟ್ಟು ನೆಲದ ಇರುವೆಗಳನ್ನು ನೋಡುತ್ತ ಮಲಗುತ್ತಿದ್ದಳು.

ಉಳಿ, ಸುತ್ತಿಗೆ ಹಿಡಿದ ಕೈಗಳು ಅಷ್ಟು ಹಗುರವಾಗಬಲ್ಲವು ಎಂದು ನನಗೆ ಗೊತ್ತಿರಲಿಲ್ಲ. ಟಪ್ ಟಪ್ ಸದ್ದಿನ ನಡುವೆ ಅವಳು ಹಾಡು ಹೇಳುತ್ತಿದ್ದಳು, ಪ್ರತಿ ಪೆಟ್ಟಿಗೂ ಅಕ್ಷರ ಕುಣಿಯುತ್ತಿತ್ತು. “ಅಪ್ಪ, ನನ್ನದು ಬಾಗಿಲಾ, ಯಾವಾಗಲೂ ತಟ್ಟುದು?” ಎಂದು ಅವಳೇ ಕೇಳಿ ಅವಳೇ ನಗುವಳು. ಅವಳ ಬೆವರು ಇಳಿದು ಇಳಿದು ಹಲಗೆಯಲ್ಲಿ ಮುಖ ಇಡುವ ತುದಿಯ ಬಣ್ಣ ಬದಲಾಯಿತು. ಏಳು ವರ್ಷ ಹೀಗೆ ನಡೆಯಿತು. ಚೆನ್ನಾಗಿಯೇ ಇದ್ದ ತಿಂಗಳುಗಳೂ ಇದ್ದವು, ಸುಳ್ಳು ಹೇಳಬಾರದು. ಆದರೆ ಪ್ರತಿ ಸಲ ಆಸ್ಪತ್ರೆಯಿಂದ ಬಂದಾಗ ಅವಳು ಹೋದಾಗ ಇದ್ದದ್ದಕ್ಕಿಂತ ಒಂದು ಮೆಟ್ಟಿಲು ಕೆಳಗೆ ಇರುತ್ತಿದ್ದಳು. ನಡುವೆ ಅತ್ತೆ ತೀರಿಹೋದರು.

ಹೊರದೇಶದಲ್ಲಿ ಒಂದು ಹೊಸ ಮಾತ್ರೆ ಬಂದಿದೆ ಎಂದು ಮೊಬೈಲಿನಲ್ಲಿ ಓದಿದ್ದು ಆಗಲೇ. ಸೊಟ್ಟ ಬಾಗಿಲನ್ನು ಒಂದಿಷ್ಟು ನೇರ ಮಾಡಿ, ಪರಿಶೀಲನೆಯಿಂದ ಪಾರು ಮಾಡಿ, ಹೊರಪೊರೆಯ ತನಕ ಮುಟ್ಟಿಸುವ ಮದ್ದು. ಗಂಡನಿಗೆ ಓದಿ ಹೇಳಿದೆ. “ನಾನು ಹೇಳಿದ್ದು ಅದನ್ನೇ ಅಲ್ವಾ?” ಎಂದರು, ಚಿಕ್ಕ ಹುಡುಗನ ಮುಖವಾಗಿತ್ತು ಅವರದ್ದು. ಡಾಕ್ಟರಮ್ಮನ ಬಳಿ ಕೇಳಿದೆವು. ಅವರು ಆಗಲೇ ಮದ್ದಿನ ಕಂಪೆನಿಗೆ ಬರೆದು ಕೇಳಿ, ಇಲ್ಲವೆನಿಸಿಕೊಂಡಾಗಿತ್ತು. ನಮ್ಮ ದೇಶಕ್ಕೆ ಅದು ಬಂದಿರಲಿಲ್ಲ, ಅಲ್ಲಿಂದ ತರಿಸುವುದು ನಮ್ಮಂಥವರ ಏಳು ತಲೆಮಾರಿಗೆ ಆಗುವ ಮಾತಲ್ಲ. ಮದ್ದು ಇದೆ, ದಾರಿಯಲ್ಲಿ ನಿಂತಿದೆ. ಇದನ್ನು ಕೇಳಿ ನಾನು ನಕ್ಕುಬಿಟ್ಟೆ. ಡಾಕ್ಟರಮ್ಮ ಹೆದರಿ ನನಗೆ ನೀರು ಕೊಟ್ಟರು.

ಒಂಬತ್ತನೆಯ ತರಗತಿಗೆ ಅವಳು ನನ್ನ ಕ್ಲಾಸಿಗೇ ಬಂದಳು. ಶಾಲೆಯಲ್ಲಿ ನನ್ನನ್ನು ಟೀಚರ್ ಎಂದೇ ಕರೆಯುತ್ತಿದ್ದಳು, ಅದು ನಮ್ಮ ಒಪ್ಪಂದ. ಜೀವಕೋಶದ ಮಾತು ಬಂದ ದಿನ ವಿಳಾಸದ ಕತೆ, ಗುಳ್ಳೆಯ ಕತೆ ಎಲ್ಲ ಹೇಳಿದೆ. ಒಂದೂ ದಾರಿ ತಪ್ಪುವುದಿಲ್ಲ ಎಂಬ ಸಾಲನ್ನು ಬಿಟ್ಟೆ. ಎರಡನೆಯ ಬೆಂಚಿನಿಂದ ಅವಳ ಕೈ ಮೇಲೆದ್ದಿತು.

“ಟೀಚರ್, ಸೊಟ್ಟ ಅಂತ ನಿಲ್ಲಿಸಿದ್ದು ಇರ್ತದಲ್ಲ. ಅದಕ್ಕೆ ಗೊತ್ತಿರ್ತದಾ, ತಾನು ಎಲ್ಲಿಗೆ ಹೋಗಬೇಕಿತ್ತು ಅಂತ?”

ಬೇರೆ ಮಕ್ಕಳು ಅದನ್ನು ತಮಾಷೆ ಎಂದುಕೊಂಡು ನಕ್ಕರು. ಅವಳು ನಗಲಿಲ್ಲ, ನಿಜವಾಗಿಯೂ ಉತ್ತರ ಬೇಕಾಗಿತ್ತು ಅವಳಿಗೆ. “ವಿಳಾಸ ಅದರಲ್ಲೇ ಇರ್ತದೆ, ಕಡೆಯ ತನಕ” ಎಂದೆ. ಅವಳು ತಲೆ ಆಡಿಸಿ ಪುಸ್ತಕದಲ್ಲಿ ಬರೆದುಕೊಂಡಳು. ಗಂಟೆ ಹೊಡೆಯಲು ಇನ್ನೂ ಹದಿನೈದು ನಿಮಿಷ ಇತ್ತು. ಓದಿಕೊಳ್ಳಿ ಎಂದು ಹೇಳಿ ಕಿಟಕಿಯ ಕಡೆ ತಿರುಗಿ ನಿಂತೆ.

ಆ ವರ್ಷ ಕ್ರಿಸ್ಮಸ್ ರಜೆಗೆ ಮುಂಚಿನ ಪರೀಕ್ಷೆ ಅವಳು ಬರೆಯಲಿಲ್ಲ. ಎದೆಯ ಸೋಂಕು ಈ ಸಲ ಯಾವ ಮದ್ದಿಗೂ ಬಗ್ಗಲಿಲ್ಲ. ಆಸ್ಪತ್ರೆಯಲ್ಲಿ ಹನ್ನೊಂದನೆಯ ದಿನ ಬೆಳಿಗ್ಗೆ, ನರ್ಸ್ ಬಂದು ನಾಡಿ ಮುಟ್ಟಿ ನೋಡಿದಾಗ, ಗಂಡ ಅವಳನ್ನು ಮಗ್ಗುಲಾಗಿ ಹಿಡಿದು ಬೆನ್ನು ತಟ್ಟುತ್ತಲೇ ಇದ್ದರು. ನರ್ಸ್ ಅವರ ಕೈ ಹಿಡಿದುಕೊಂಡಳು. ಆ ಸದ್ದು ನಿಂತಾಗಲೇ ನನಗೆ ಅವಳು ಹೋದದ್ದು ಗೊತ್ತಾಯಿತು. ನಾನು ಬಗ್ಗಿ ಹಣೆಗೆ ಮುತ್ತು ಕೊಟ್ಟೆ. ಉಪ್ಪು, ಯಾವಾಗಿನಷ್ಟೇ.

ನೆಂಟರೆಲ್ಲ ಹೋದ ಮೇಲೆ ಗಂಡ ಜಗಲಿಯ ಬೆಂಚನ್ನು ಎಳೆದು ಅಂಗಳಕ್ಕೆ ತಂದರು. ಒಳಗಿನಿಂದ ಗರಗಸ ತಂದರು. ನಾನು ಬೇಡ ಎನ್ನಲಿಲ್ಲ. ದಿನ ಬೆಳಗಾದರೆ ಅದನ್ನು ನೋಡುವುದು ನನಗೂ ಆಗುತ್ತಿರಲಿಲ್ಲ. ಗರಗಸ ಹಿಡಿದು ಅವರು ಎಲ್ಲಿಂದ ಸುರು ಮಾಡುವುದೆಂದು ತಿಳಿಯದವರಂತೆ ನಿಂತಿರುವಾಗ ಬೇಲಿಯ ಸಂದಿನಿಂದ ಆಡು ಬಂತು. ಆ ಹಳೆಯ ಆಡಲ್ಲ, ಅದರ ಮರಿಯ ಮರಿ. ನೇರ ಬೆಂಚಿನ ತಗ್ಗಿನ ತುದಿಗೆ ಹೋಗಿ, ಮಗಳು ಮುಖವಿಟ್ಟು ಮಲಗುತ್ತಿದ್ದ ಜಾಗವನ್ನು, ಚಿಲಕದ ತೂತಿನ ಸುತ್ತಲನ್ನು ನೆಕ್ಕತೊಡಗಿತು.

ಉಮ್ಮ ಓಡಿ ಬಂದರು. “ಯಾ ಅಲ್ಲಾ, ಟೀಚರೇ, ಹಗ್ಗ ಬಿಚ್ಚಿಕೊಂಡು ಬಂತು...” ಎಂದು ಕೊರಳಿಗೆ ಕೈ ಹಾಕಿ ಎಳೆಯಲು ಹೋದವರು, ಆಡು ಏನು ನೆಕ್ಕುತ್ತಿದೆ ಎಂದು ಗೊತ್ತಾಗಿ ಅಲ್ಲೇ ಕೂತುಬಿಟ್ಟರು.

“ಬಿಡಿ ಉಮ್ಮ” ಎಂದರು ಗಂಡ. “ನೆಕ್ಕಲಿ. ಅದರಲ್ಲಿ ಇನ್ನೂ ಉಂಟು.”

ಅವರು ಗರಗಸವನ್ನು ಒಳಗೆ ಇಟ್ಟು ಬಂದರು. ಮೂವರೂ ಬಿಸಿಲಲ್ಲೇ ಉಳಿದು ನೋಡಿದೆವು. ಹಲಗೆ ಒದ್ದೆಯಾಗಿ ಹೊಳೆಯುವ ತನಕ ಆಡು ಆ ಜಾಗ ಬಿಟ್ಟು ಕದಲಲಿಲ್ಲ.